ಒಂದು ಖಾನೆ ನೋಡಿ ಇಡೀ ಸಾಲು ಕೆಂಪ ಮಾಡೋದ್ ಹ್ಯಾಂಗ್ರಿ? (ಉದ್ರಿ ಲೆಕ್ಕ, ಎಕ್ಸೆಲ್)

ಗೊಬ್ಬರದಂಗಡಿ_ಜೇವರ್ಗಿ · ಸೋಮವಾರ ರಾತ್ರಿ 9:40
ಎಲ್ಲಾರಿಗೂ ಶರಣು. ನಮ್ಮ ಕಾಕಾಂದು ಬೀಜ-ಗೊಬ್ಬರದ ಅಂಗಡಿ ಅದ. ಮುಂಗಾರಿಗಿ ರೈತರು ಉದ್ರಿ ಒಯ್ತಾರ, ತೊಗರಿ ರಾಶಿ ಆದ ಮ್ಯಾಲ ರೊಕ್ಕ ಕೊಡ್ತಾರ. ಕೆಂಪು ಬಟ್ಟಿ ಖಾತೆ ಪುಸ್ತಕದಾಗ ಇದ್ದ ಲೆಕ್ಕಾನ ನಾ ಈ ವರ್ಷ ಎಕ್ಸೆಲ್‌ಗೆ ಹಾಕೀನಿ. ಎ ದಾಗ ತಾರೀಖು, ಬಿ ಹೆಸರು, ಸಿ ಊರು, ಡಿ ಮಾಲು, ಇ ರೊಕ್ಕ, ಎಫ್ ವಾಯಿದೆ, ಜಿ ದಾಗ "ಜಮಾ" ಇಲ್ಲಾ "ಬಾಕಿ". 214ನೇ ಸಾಲಿನ ತನ ಅದ.

ನನಗ ಬೇಕಾಗಿದ್ದು ಇಷ್ಟೇ: ಜಿ ದಾಗ ಬಾಕಿ ಅಂತ ಇದ್ರ ಎ ಇಂದ ಜಿ ತನ ಪೂರಾ ಸಾಲು ಕೆಂಪ ಆಗ್ಬೇಕು. ಮೊದಲು ಶರತ್ತು ನೋಡಿ ಬಣ್ಣ ಹಚ್ಚೋ ಕಂಡಿಷನಲ್ ಫಾರ್ಮ್ಯಾಟಿಂಗ್‌ದಾಗ ಹೈಲೈಟ್ ಸೆಲ್ಸ್ ಅಂತ ಇರ್ತದಲ್ಲ, ಅದು ಹಾಕ್ದೆ. ಜಿ ಖಾನೆ ಒಂದೇ ಕೆಂಪಾಯ್ತು. ಆಮ್ಯಾಲ ಯೂಟ್ಯೂಬ್ ನೋಡಿ ಈ ಫಾರ್ಮುಲಾ ಹೊಡ್ದೆ:

=$ಜಿ2="ಬಾಕಿ"

(ಫೋನಿನಾಗ ಕನ್ನಡ ಕೀಬೋರ್ಡ್ ಒಂದೇ ಅದ, ಶೀಟಿನಾಗ ಇಂಗ್ಲಿಷ್ ಅಕ್ಷರಾನೇ ಹಾಕೀನಿ.)

ಸಾಲು ಕೆಂಪಾದವು. ಆ ಖುಷಿದಾಗ ಮೊದಲನೇ ಕೆಂಪು ಸಾಲಿನೋರಿಗಿ ಫೋನ್ ಹಚ್ಚಿ "ಅಣ್ಣಾರ, ನಿಮ್ದು ಬಾಕಿ ಉಳದದ" ಅಂದೆ. ಅವ್ರು ಎಳ್ಳ ಅಮಾಸಿಗೇ ಕೊಟ್ಟು ಚೀಟಿ ಇಸ್ಕೊಂಡು ಹೋದೋರು! ನನ್ನ ಬಿಟ್ಟು ಸೀದಾ ಕಾಕಾಗ ಫೋನ್ ಮಾಡಿ ಬೈದಾರ. ಶೀಟ್ ನೋಡಿದ್ರ ಬಾಕಿ ಇದ್ದದ್ದು ಅವರ ಕೆಳಗಿನ ಸಾಲಿನೋರ್ದು. ಎಲ್ಲಿ ತಪ್ಪದ?

ಬೀದರ್_ಕೋಟೆ · 9:52
ಒಂದು ಸಾಲು ಸರದದ. ಸೆಲೆಕ್ಟ್ ಎಲ್ಲಿಂದ ಮಾಡಿದ್ರಿ, ಎ1 ಇಂದಾ ಎ2 ಇಂದಾ?

ಗೊಬ್ಬರದಂಗಡಿ_ಜೇವರ್ಗಿ · 9:54
ಎ1 ಇಂದ, ಹೆಡಿಂಗ್ ಸಮೇತ. ಯಾಕ್ರಿ?

ಬೀದರ್_ಕೋಟೆ · 10:11
ಸಿಕ್ಕಿತ್ರಿ ಕಳ್ಳ.

ನೀವು ಬರಿಯೋ ಫಾರ್ಮುಲಾ ಎಲ್ಲಾ ಸಾಲಿಗೂ ಬರದಿದ್ದಲ್ಲ, ಒಂದೇ ಒಂದು ಖಾನೆಗಿ ಬರದಿದ್ದು. ಸೆಲೆಕ್ಟ್ ಮಾಡಿದಾಗ ಎಲ್ಲಾ ಖಾನೆ ಬೂದಿ ಬಣ್ಣ ಆಗಿ ಒಂದು ಮಾತ್ರ ಬೆಳ್ಳಗ ಉಳೀತದ ನೋಡ್ರಿ, ಆ ಬಿಳಿ ಖಾನೆಗಿ. ಉಳಿದ ಖಾನೆಗಳಿಗಿ ಎಕ್ಸೆಲ್ ತಾನೇ ಲೆಕ್ಕಾ ಹಾಕೋತದ. ನಿಮ್ಮ ಬಿಳಿ ಖಾನೆ ಎ1. ಅದಕ್ಕ ನೀವು "ಜಿ2 ನೋಡು" ಅಂದೀರಿ, ಅಂದ್ರ ಒಂದನೇ ಸಾಲು ಎರಡನೇದನ್ನ ನೋಡ್ತದ, ಹತ್ತನೇದು ಹನ್ನೊಂದನೇದನ್ನ ನೋಡ್ತದ. ಎಲ್ಲಾರೂ ತಮ್ಮ ಕೆಳಗಿನೋರ ಸಾಲ ನೋಡಿ ಕೆಂಪಾಗ್ಯಾರ. ಪಾಪ ಆ ಅಣ್ಣಾರು ಮಂದಿ ಸಾಲಕ್ಕ ಕೆಂಪಾದ್ರು.

ಆ ರೂಲ್ ಅಳಿಸ್ರಿ. ಎ2 ಮ್ಯಾಲ ಕ್ಲಿಕ್ ಮಾಡಿ ಜಿ214 ತನ ಎಳೀರಿ. ಹೋಮ್, ಕಂಡಿಷನಲ್ ಫಾರ್ಮ್ಯಾಟಿಂಗ್, ನ್ಯೂ ರೂಲ್, ಅದ್ರಾಗ ಕಟ್ಟಕಡೀ ಸಾಲು "ಯೂಸ್ ಎ ಫಾರ್ಮುಲಾ" ಅಂತ ಸುರು ಆಗೋದು. ಫಾರ್ಮುಲಾ ನಿಮ್ದೇ, ಅಕ್ಷರ ಬದಲಿ ಬ್ಯಾಡ.

ಸುರಪುರ_ಮಾಸ್ತರ · 10:20
ಬೀದರ್ ಅಣ್ಣಾರು ಬರೋಬ್ಬರಿ ಹೇಳ್ಯಾರ. ಡಾಲರ್ ಬಗ್ಗಿ ನಂದೊಂದು ಮಾತು, ಯಾಕಂದ್ರ ಮುಂದ ಅಲ್ಲೇ ಎಡವ್ತೀರಿ.

ಡಾಲರ್ ಅಂದ್ರ ಗೂಟ. ಯಾವ ಅಕ್ಷರದ ಮುಂದ ಬಡೀತೀರೋ ಅದು ಅಲುಗಾಡಂಗಿಲ್ಲ. $ಜಿ2 ಅಂದ್ರ ಕಾಲಮ್ ಗೂಟಕ್ಕ ಕಟ್ಟೇದ, ಸಾಲಿನ ನಂಬರ್ ಮೇಯ್ಲಾಕ ಬಿಟ್ಟದ. ಇದೇ ನಿಮಗ ಬೇಕಾಗಿದ್ದು. ಗೂಟಾನೇ ಇಲ್ದೆ ಜಿ2 ಅಂತ ಬರದ್ರ ಎ ಖಾನೆ ಜಿ ನೋಡ್ತದ, ಬಿ ಖಾನೆ ಎಚ್ ನೋಡ್ತದ, ಸಿ ಖಾನೆ ಐ ನೋಡ್ತದ. ಅಲ್ಲಿ ಏನೂ ಇರಂಗಿಲ್ಲ, ಅದಕ್ಕ ಎ ಒಂದೇ ಕೆಂಪಾಗ್ತದ. ಎರಡಕ್ಕೂ ಗೂಟ ಬಡದು $ಜಿ$2 ಮಾಡಿದ್ರ ಇಡೀ ಊರು ಒಬ್ಬನ ಮಾರಿ ನೋಡ್ತದ: ಎರಡನೇ ಸಾಲಿನವ ಬಾಕಿ ಇದ್ರ 213 ಸಾಲೂ ಕೆಂಪು.

ಖಾತೆ_ಕಾಕಾ · 10:31
ಪುಸ್ತಕದಾಗ ಇದ್ದಾಗ ಯಾವ ಸಾಲೂ ಸರೀತಿದ್ದಿಲ್ಲ.

ವಾಡಿ_ಜಂಕ್ಷನ್ · 10:33
ಪುಸ್ತಕದಾಗ ಇಲಿ ತಿಂತಿತ್ತು ಕಾಕಾ.

ಖಾತೆ_ಕಾಕಾ · 10:36
ಇಲಿ ತಿಂದ್ರೂ ಸಾಲಗಾರನ ಹೆಸರೇ ತಿಂತಿತ್ತು, ಕೊಟ್ಟವನ ಮ್ಯಾಲ ಬರೀತಿದ್ದಿಲ್ಲ. ನಲವತ್ತು ವರ್ಷ ಗಂಜಿನಾಗ ಅಡತಿ ಅಂಗಡಿ ಲೆಕ್ಕಾ ಬರದೀನಿ. ಬಾಕಿಗಿ ಕೆಂಪು ಮಸಿ, ಜಮಾಕ್ಕ ಕರೀ ಮಸಿ, ಮುಗೀತು.

ಗೊಬ್ಬರದಂಗಡಿ_ಜೇವರ್ಗಿ · ಮಂಗಳವಾರ ಮುಂಜಾನೆ 8:15
ರಾತ್ರಿ ಕರೆಂಟ್ ಹೋಯ್ತು, ಈಗ ಕುಂತೀನಿ. ಎಲ್ಲಾ ಅಳಿಸಿ ಹೊಸದಾಗಿ ಹಾಕ್ದೆ. ಈಗ ಒಂದೂ ಕೆಂಪಾಗವಲ್ದು! ಎ2 ಮ್ಯಾಲ ನಿಂತು ಮ್ಯಾನೇಜ್ ರೂಲ್ಸ್ ತೆಗೆದು ನೋಡಿದ್ರ ನಾ ಬರದ ಜಿ2 ಇಲ್ಲೇ ಇಲ್ಲ, ಜಿ1048366 ಅಂತ ಅದ. ಇದ್ಯಾವ ನಂಬರ್ರಿ? ಯಾರರೆ ವೈರಸ್ ಬಿಟ್ಟಾರೇನು?

ವಾಡಿ_ಜಂಕ್ಷನ್ · 8:19
ಹತ್ತು ಲಕ್ಷದ ನಲವತ್ತೆಂಟು ಸಾವಿರ ಸಾಲು! ಜೇವರ್ಗಿ ತಾಲ್ಲೂಕಿನ ಎಲ್ಲಾ ಬೆಳಿ ಉದ್ರಿ ಕೊಟ್ಟೀರಾ?

ಬೀದರ್_ಕೋಟೆ · 8:30
ವೈರಸ್ ಅಲ್ರಿ. ಕೆಳಗಿಂದ ಮ್ಯಾಲ ಎಳದೀರಿ, ಹೌದಲ್ಲ? 214 ರಿಂದ ಸುರು ಮಾಡಿ 2ಕ್ಕ ಬಂದೀರಿ. ಅಂದ್ರ ಬಿಳಿ ಖಾನೆ 214ನೇ ಸಾಲಿನಾಗ ಉಳೀತು. ನೀವು ಆ 214ಕ್ಕ "ಜಿ2 ನೋಡು" ಅಂದ್ರಿ, ಅಂದ್ರ 212 ಸಾಲು ಮ್ಯಾಲ ನೋಡು ಅಂತ. ಎರಡನೇ ಸಾಲು 212 ಮ್ಯಾಲ ಹೋಗ್ಬೇಕಂದ್ರ ಶೀಟೇ ಮುಗದು ಹೋಗ್ತದ, ಅದಕ್ಕ ಎಕ್ಸೆಲ್ ಸುತ್ತು ಹೊಡದು ತಳದಿಂದ ಎಣಸ್ತದ. ಶೀಟಿನಾಗ ಒಟ್ಟು 1048576 ಸಾಲು, ಅದ್ರಾಗ 210 ಕಳೀರಿ, ನಿಮ್ಮ ನಂಬರ್ ಬರ್ತದ. ಅಲ್ಲಿ ಖಾಲಿ ಹೊಲ, ಏನ್ ಕೆಂಪಾಗ್ತದ?

ಮ್ಯಾಲಿಂದ ಕೆಳಗ ಎಳೀರಿ. ಇಲ್ಲಾ ಎಡಕ್ಕ ಮ್ಯಾಲ ಇರೋ ನೇಮ್ ಬಾಕ್ಸ್‌ದಾಗ ಎ2:ಜಿ214 ಅಂತ ಬರದು ಎಂಟರ್ ಹೊಡೀರಿ, ಬಿಳಿ ಖಾನೆ ಎ2 ದಾಗೇ ನಿಂದರ್ತದ.

ಸೈಬರ್_ಶಹಾಬಾದ್ · 8:41
ಇನ್ನೊಂದು ಹೇಳ್ತೀನಿ, ಇದು ಎಲ್ಲಾರಿಗೂ ಕಾಡ್ತದ. ರೂಲ್ ಬರಿಯೋ ಡಬ್ಬಿದಾಗ ತಪ್ಪು ತಿದ್ದಲಾಕ ಬಾಣದ ಕೀ ಒತ್ತಿದ್ರ ಕರ್ಸರ್ ಸರಿಯಂಗಿಲ್ಲ, ಮತ್ಯಾವ್ದೋ ಖಾನೆ ನಂಬರ್ ಬಂದು ನಡುವ ತುರುಕ್ತದ. ಮೊದಲು ಎಫ್2 ಕೀ ಒತ್ರಿ, ಆಮ್ಯಾಲ ಬಾಣ. ಇದು ಗೊತ್ತಾಗೋ ತನ ನಾ ಎಷ್ಟ್ ರೂಲ್ ಅಳಿಸಿ ಬರದೀನೋ ದೇವ್ರಿಗೇ ಗೊತ್ತು.

ಮತ್ತ ವಾಟ್ಸಾಪ್‌ದಿಂದ ಫಾರ್ಮುಲಾ ಕಾಪಿ ಮಾಡಬ್ಯಾಡ್ರಿ. ಕೆಲವು ಸಲ ನೆಟ್ಟಗಿನ ಕೋಟ್ ಹೋಗಿ ಬಾಗಿದ ಕೋಟ್ ಬಂದಿರ್ತದ. ಕಣ್ಣಿಗಿ ಒಂದೇ, ಎಕ್ಸೆಲ್‌ಗೆ ಬ್ಯಾರೆ.

ಗೊಬ್ಬರದಂಗಡಿ_ಜೇವರ್ಗಿ · 9:05
ಬಂತು ಬಂತು ಬಂತು!! ಸಾಲು ಸರಿ ಕೂತವು. ಆದ್ರ ಹಳೀ ಸಾಲಿನಾಗ ಕೆಲವು ಬಾಕಿ ಅಂತ ಇದ್ರೂ ಬೆಳ್ಳಗೇ ಉಳದಾವ. ಫೋಟೋ ಹಾಕೀನಿ ನೋಡ್ರಿ.
[ಚಿತ್ರ ತೆಗೆಯಲಾಗಿದೆ]

ಮೇಲ್ವಿಚಾರಕ · 9:11
ಚಿತ್ರ ನಾನು ತೆಗೆದಿದ್ದೇನೆ. ರೈತರ ಹೆಸರು, ಊರು, ಸಾಲದ ಮೊತ್ತ ಎಲ್ಲ ಓದಲಿಕ್ಕೆ ಬರುತ್ತಿತ್ತು. ಬಿ ಕಾಲಮ್ ಮುಚ್ಚಿ ಮತ್ತೆ ಹಾಕಿ.

ಗೊಬ್ಬರದಂಗಡಿ_ಜೇವರ್ಗಿ · 9:13
ತಪ್ಪಾಯ್ತ್ರಿ ಸರ್. ಕಾಕಾಗ ಹೇಳಬ್ಯಾಡ್ರಿ.

ಅಳಂದದ_ಅಕ್ಕ · 9:40
ಫೋಟೋ ಹೋಗೋಕ್ಕಿಂತ ಮೊದಲ ನೋಡಿದ್ದೆ. ಆ ಬೆಳ್ಳನ್ನ ಸಾಲಿನಾಗ "ಬಾಕಿ" ಅಕ್ಷರದ ಆಕಾರ ಬ್ಯಾರೆ ಇತ್ತು ತಮ್ಮಾ, ಜರ ದಪ್ಪ. ಆ ಖಾನೆ ಮ್ಯಾಲ ಕ್ಲಿಕ್ ಮಾಡಿ ಮ್ಯಾಲಿನ ಫಾರ್ಮುಲಾ ಬಾರ್ ನೋಡು. ಅಲ್ಲಿ ಕನ್ನಡ ಕಾಣ್ತದೋ, ಗಿಜಿಬಿಜಿ ಇಂಗ್ಲಿಷ್ ಚಿನ್ಹೆ ಕಾಣ್ತಾವೋ?

ಗೊಬ್ಬರದಂಗಡಿ_ಜೇವರ್ಗಿ · 9:44
ಗಿಜಿಬಿಜಿ! ಅಕ್ಕಾ ನಿಮಗ ಹ್ಯಾಂಗ್ ಗೊತ್ತಾಯ್ತು?

ಅಳಂದದ_ಅಕ್ಕ · 10:02
ಹನ್ನೆರಡು ವರ್ಷ ಡಿಟಿಪಿ ಮಾಡೀನಿ, ಮದುವಿ ಕಾರ್ಡ್‌ದಿಂದ ಹಿಡದು ಪಂಚಾಯ್ತಿ ಠರಾವಿನ ತನ. ಅದು ಹಳೀ ನುಡಿ ಫಾಂಟ್. ಕಣ್ಣಿಗಷ್ಟೇ ಅದು ಕನ್ನಡ, ಒಳಗ ಇರೋದು ಇಂಗ್ಲಿಷ್ ಚಿನ್ಹೆ, ಫಾಂಟು ಮ್ಯಾಲ ಕನ್ನಡದ ವೇಷ ಹಾಕ್ಯದ. ನೀನು ಫಾರ್ಮುಲಾದಾಗ ಬರದ ಬಾಕಿ ಯೂನಿಕೋಡ್, ಅಂದ್ರ ಒಳಗೂ ಖರೇ ಕನ್ನಡ ಅಕ್ಷರಾನೇ. ಎರಡೂ ಎಂದಿಗೂ ಹೊಂದಂಗಿಲ್ಲ. ನಿಮ್ಮ ಅಂಗಡಿದಾಗ ಹಿಂದ ಯಾರೋ ನುಡಿದಾಗ ಟೈಪ್ ಮಾಡ್ಯಾರ, ನೀನು ಕಾಪಿ ಮಾಡಿ ಅಂಟಿಸೀದಿ.

ಜಿ ಕಾಲಮ್‌ದಾಗ ಇರೋದು ಎರಡೇ ಪದ, ಅದಕ್ಕ ನುಡಿದ್ದನ್ನ ಯೂನಿಕೋಡ್ ಮಾಡೋ ಪರಿವರ್ತಕ ಹುಡುಕ್ಲಾಕ ಹೋಗಬ್ಯಾಡ. ಒಂದು ಗಿಜಿಬಿಜಿ ಖಾನೆ ಕಾಪಿ ಮಾಡಿ ಫೈಂಡ್ ಅಂಡ್ ರಿಪ್ಲೇಸ್‌ದಾಗ ಮ್ಯಾಲ ಅಂಟಿಸು, ಕೆಳಗ ಯೂನಿಕೋಡ್ ಬಾಕಿ ಬರಿ, ರಿಪ್ಲೇಸ್ ಆಲ್. ಹಂಗೇ ಜಮಾಕ್ಕೊಂದು ಸಲ. ಆಮ್ಯಾಲ ಕಾಲಮ್‌ದ ಫಾಂಟ್ ಬದಲಿ ಮಾಡೋದು ಮರೀಬ್ಯಾಡ, ಇಲ್ಲಾಂದ್ರ ಏನೇನೋ ಕಾಣ್ತದ. ಹೆಸರಿನ ಕಾಲಮ್‌ಗೆ ಮಾತ್ರ ಪರಿವರ್ತಕ ಬೇಕೇ ಬೇಕು.

ಯಾದಗಿರಿ_ಈಗ_ಬೆಂಗಳೂರು · 10:15
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಸರಿ ಮಾಡಿದ ಮೇಲೆ ಜಿ ಕಾಲಮ್‌ಗೆ ಡೇಟಾ ವ್ಯಾಲಿಡೇಶನ್ ಹಾಕಿ, ಲಿಸ್ಟ್ ಅಂತ ಆರಿಸಿ "ಬಾಕಿ,ಜಮಾ" ಕೊಡಿ. ಡ್ರಾಪ್‌ಡೌನ್ ಬರುತ್ತೆ, ಇನ್ನು ಯಾರೂ ಕೈಯಿಂದ ಬೇರೆ ಏನೂ ಟೈಪ್ ಮಾಡೋ ಹಾಗಿಲ್ಲ. ಇಲ್ಲ ಅಂದ್ರೆ ಒಬ್ಬರು "ಬಾಕೀ" ಅಂತ ದೀರ್ಘ ಹಾಕ್ತಾರೆ, ಇನ್ನೊಬ್ಬರು ಬಾಕಿ ಆದಮೇಲೆ ಒಂದು ಸ್ಪೇಸ್ ಬಿಡ್ತಾರೆ. ಆ ಸ್ಪೇಸ್ ಕಣ್ಣಿಗೆ ಕಾಣಲ್ಲ, ಫಾರ್ಮುಲಾಗೆ ಕಾಣುತ್ತೆ. ಸದ್ಯಕ್ಕೆ ಆ ಸ್ಪೇಸ್ ತೆಗೆಯೋಕೆ =ಟ್ರಿಮ್($ಜಿ2)="ಬಾಕಿ" ಅಂತ ಬರೆದ್ರೂ ನಡೆಯುತ್ತೆ.

ವಾಡಿ_ಜಂಕ್ಷನ್ · 10:18
"ನಡೆಯುತ್ತೆ", "ಕಾಣುತ್ತೆ"... ಯಾದಗಿರಿ ಅಣ್ಣಾ, ಮೆಜೆಸ್ಟಿಕ್ ನೀರು ಬರೋಬ್ಬರಿ ಹತ್ಯದ ನಿಮಗ.

ಯಾದಗಿರಿ_ಈಗ_ಬೆಂಗಳೂರು · 10:24
ಮನೀಗಿ ಫೋನ್ ಹಚ್ಚಿದ್ರ ನಮ್ಮವ್ವನೂ ಇದೇ ಬೈತಾಳ. ಆಫೀಸಿನಾಗ "ಬರ್ಲಾಕತ್ತದ" ಅಂದ್ರ ನಗ್ತಾರ್ರಿ, ಏನ್ ಮಾಡ್ಲಿ?

ಸೈಬರ್_ಶಹಾಬಾದ್ · 10:26
ನಕ್ಕವರ ಸಾಲು ಕೆಂಪ ಮಾಡ್ರಿ.

ಗೊಬ್ಬರದಂಗಡಿ_ಜೇವರ್ಗಿ · ಮಧ್ಯಾಹ್ನ 2:20
ಅಕ್ಕಾ, 37 ಖಾನೆ ಬದಲಿ ಆದವು, ಎಲ್ಲಾ ಕೆಂಪು. ನಿಮ್ಮ ಉಪಕಾರ ಮರಿಯಂಗಿಲ್ಲ. ಕಾಕಾ ನೋಡಿ "ಇಷ್ಟ್ ಕೆಂಪ ಇದ್ರ ಯಾರನ್ನ ಅಂತ ಕೇಳೋದು? ವಾಯಿದೆ ಮುಗದೋರು ಮಾತ್ರ ಕೆಂಪ ಆಗ್ಲಿ" ಅಂದ್ರು. =ಆ್ಯಂಡ್($ಜಿ2="ಬಾಕಿ",$ಎಫ್2<ಟುಡೇ()) ಅಂತ ಹಾಕ್ದೆ. ವಾಯಿದೆ ಬರೀದೇ ಬಿಟ್ಟೋರೆಲ್ಲಾ ಕೆಂಪಾದ್ರು. ಮುಗದು ಎರಡು ತಿಂಗಳಾದೋರು ಕೆಲವ್ರು ಆಗವಲ್ರು. ಉಲ್ಟಾ ಅದಲ್ರಿ?

ಬೀದರ್_ಕೋಟೆ · 2:45
ಎರಡು ಬ್ಯಾರೆ ಬ್ಯಾರೆ ರೋಗ.

ಖಾಲಿ ಖಾನೆ ಅಂದ್ರ ಎಕ್ಸೆಲ್‌ಗೆ ಸೊನ್ನಿ. ತಾರೀಖು ಅಂದ್ರ ಒಳಗ ಬರೇ ಅಂಕಿ, 1900ರ ಜನವರಿ 1 ಅಂದ್ರ 1, ಅಲ್ಲಿಂದ ದಿನಾ ಒಂದೊಂದು ಏರ್ತದ. ಸೊನ್ನಿ ಇವತ್ತಿನಕಿಂತ ಸಣ್ಣದೇ ಅಲ್ಲ? ಅದಕ್ಕ ಕೆಂಪು. ಖಾಲಿ ಇದ್ರ ಬಿಡು ಅಂತ ಹೇಳ್ಬೇಕು:

=ಆ್ಯಂಡ್($ಜಿ2="ಬಾಕಿ",$ಎಫ್2<>"",$ಎಫ್2<ಟುಡೇ())

ಎರಡನೇದು: ಆಗದೇ ಇರೋ ಖಾನೆದಾಗ ತಾರೀಖು ಹ್ಯಾಂಗ್ ಬರದೀರಿ, ಚುಕ್ಕಿ ಇಟ್ಟು 15.01.2025 ಅಂತಾನಾ?

ಗೊಬ್ಬರದಂಗಡಿ_ಜೇವರ್ಗಿ · 2:47
ಹೌದ್ರಿ, ಕೆಲವು ಚುಕ್ಕಿ, ಕೆಲವು ಗೆರಿ.

ಬೀದರ್_ಕೋಟೆ · 2:58
ನಮ್ಮ ಕಡಿ ಕಂಪ್ಯೂಟರ್ ಸೆಟಿಂಗ್‌ದಾಗ ಚುಕ್ಕಿದ್ದು ತಾರೀಖು ಅಂತ ಎಕ್ಸೆಲ್ ಒಪ್ಪಂಗಿಲ್ಲ, ಬರೇ ಅಕ್ಷರ ಅಂತ ಇಟ್ಕೋತದ. ಎಡಕ್ಕ ಅಂಟಿಕೊಂಡು ಕುಂತಿರ್ತದ ನೋಡ್ರಿ, ಖರೇ ತಾರೀಖು ಬಲಕ್ಕ ಇರ್ತದ. ಮತ್ತ ಎಕ್ಸೆಲ್‌ದ ಕಾಯ್ದೆ ಏನಂದ್ರ ಹೋಲಿಸೋವಾಗ ಯಾವ ಅಕ್ಷರ ಆದ್ರೂ ಯಾವ ಅಂಕಿಗಿಂತನೂ ದೊಡ್ಡದು. ಅದಕ್ಕ ಚುಕ್ಕಿ ಇಟ್ಟೋರ ವಾಯಿದೆ ಈ ಜನ್ಮದಾಗ ಮುಗಿಯಂಗಿಲ್ಲ.

ಎಫ್ ಕಾಲಮ್ ಹಿಡೀರಿ, ಡೇಟಾ, ಟೆಕ್ಸ್ಟ್ ಟು ಕಾಲಮ್ಸ್, ಎರಡು ಸಲ ನೆಕ್ಸ್ಟ್, ಮೂರನೇದ್ರಾಗ ಡೇಟ್ ಅಂತ ಆರಿಸಿ ಡಿಎಂವೈ (ದಿನ-ತಿಂಗಳು-ವರ್ಷ) ಕೊಟ್ಟು ಫಿನಿಶ್.

ವಾಡಿ_ಜಂಕ್ಷನ್ · 3:01
ನಾ ಇನ್ನ ಮ್ಯಾಲ ಎಲ್ಲೇ ಉದ್ರಿ ತಂದ್ರೂ ಚುಕ್ಕಿ ಇಟ್ಟೇ ಬರಸ್ತೀನಿ.

ಸುರಪುರ_ಮಾಸ್ತರ · 3:20
ಈ "ಅಕ್ಷರ ದೊಡ್ಡದು" ಅನ್ನೋದ್ರಾಗ ನಾ ಸಿಕ್ಕಿಬಿದ್ದೀನಿ. ಕಿರು ಪರೀಕ್ಷೆ ಅಂಕಪಟ್ಟಿ ಮಾಡಿದ್ದೆ, 35 ಮತ್ತ ಮ್ಯಾಲಿದ್ರ ಸಾಲು ಹಸಿರು: =$ಡಿ2>=35. ಪರೀಕ್ಷೆಗಿ ಬರದೇ ಇದ್ದ ಹುಡುಗರಿಗಿ ಎಬಿ (ಗೈರು) ಅಂತ ಹಾಕಿದ್ದೆ. ಎಬಿ ಅಕ್ಷರ, 35 ಅಂಕಿ, ಗೈರು ಹಾಜರಾದೋರೆಲ್ಲಾ ಹಸಿರು! ಪಾಲಕರ ಸಭಾದಾಗ ಪ್ರೊಜೆಕ್ಟರ್ ಮ್ಯಾಲ ಹಾಕಿದ್ದೆ. ಒಬ್ಬ ತಾಯಿ ಎದ್ದು ನಿಂತು "ಸರ್, ನನ್ನ ಮಗ ಅವತ್ತು ಜಾತ್ರಿಗಿ ಹೋಗಿದ್ದ, ಪಾಸ್ ಹ್ಯಾಂಗಾದ?" ಅಂದ್ರು. ಮುಖ್ಯ ಗುರುಗಳು ನನ್ನ ಕಡಿ ನೋಡಿದ್ದು ಇನ್ನೂ ನೆನಪದ. ಆಮ್ಯಾಲ =ಆ್ಯಂಡ್(ಈಸ್‌ನಂಬರ್($ಡಿ2),$ಡಿ2>=35) ಮಾಡ್ದೆ.

ಖಾತೆ_ಕಾಕಾ · 3:26
ಪರೀಕ್ಷೆಗಿ ಬರದಿದ್ರೂ ಪಾಸ್, ರೊಕ್ಕ ಕೊಟ್ರೂ ಬಾಕಿ. ಭಾಳ ಶಾಣ್ಯಾ ಅದ ಈ ಯಂತ್ರ.

ಭಾಲ್ಕಿ_ಫ್ರೀವೇರ್ · 4:10
ಎಕ್ಸೆಲ್‌ಗೆ ರೊಕ್ಕ ಯಾಕ್ ಕೊಡ್ತೀರಿ? ಗೂಗಲ್ ಶೀಟ್ಸ್ ಪುಕ್ಕಟ ಅದ. ಅಲ್ಲಿ ಬಿಳಿ ಖಾನೆ ಗದ್ದಲಾನೇ ಇಲ್ಲ, ರೇಂಜಿನ ಮೊದಲನೇ ಸಾಲಿಗಿ ಬರೀಬೇಕು ಅಷ್ಟೇ. ಫಾರ್ಮ್ಯಾಟ್, ಕಂಡಿಷನಲ್ ಫಾರ್ಮ್ಯಾಟಿಂಗ್, "ಕಸ್ಟಮ್ ಫಾರ್ಮುಲಾ ಈಸ್".

ಸೈಬರ್_ಶಹಾಬಾದ್ · 4:22
ಅಲ್ಲೂ ಒಂದು ಕೊಕ್ಕೆ ಅದಲ್ರಿ. ಬ್ಯಾರೆ ಶೀಟಿನ ಖಾನೆ ನೋಡಿ ಬಣ್ಣ ಹಚ್ಚಬೇಕಂದ್ರ ಸೀದಾ ಬರದ್ರ ನಡಿಯಂಗಿಲ್ಲ, ಇನ್‌ಡೈರೆಕ್ಟ್ ಅನ್ನೋ ಫಂಕ್ಷನ್ ಒಳಗ ಸುತ್ತಬೇಕು. ಎಕ್ಸೆಲ್‌ದಾಗ 2010 ರಿಂದ ಸೀದಾ ನಡೀತದ. 2003ದಾಗ ಅಂತೂ ಒಂದು ಖಾನೆಗಿ ಮೂರೇ ಕಂಡಿಷನ್, ನಾಲ್ಕನೇ ಬಣ್ಣ ಬೇಕಂದ್ರ ಮ್ಯಾಕ್ರೋ ಬರೀಬೇಕಿತ್ತು. ಈಗಿನ ಹುಡುಗರಿಗಿ ಆ ಕಷ್ಟ ಗೊತ್ತಿಲ್ಲ.

ಭಾಲ್ಕಿ_ಫ್ರೀವೇರ್ · 4:25
2003ದಾಗ ನಾ ಅಂಗನವಾಡಿದಾಗ ಇದ್ದೆ ಅಣ್ಣಾ.

ಅಳಂದದ_ಅಕ್ಕ · 5:00
ಬಣ್ಣದ ಮ್ಯಾಲೇ ಪೂರಾ ನಂಬಬ್ಯಾಡ ತಮ್ಮಾ. ನಾಳಿ ಪ್ರಿಂಟ್ ತೆಗೆದು ಕಪ್ಪು-ಬಿಳಿ ಝೆರಾಕ್ಸ್ ಮಾಡ್ಸಿದ್ರ ಕೆಂಪೂ ಹಸಿರೂ ಒಂದೇ ಬೂದಿ. ನಮ್ಮ ಭಾವನೋರಿಗಿ ಕೆಂಪು-ಹಸಿರು ಫರಕ್ಕೇ ತಿಳಿಯಂಗಿಲ್ಲ, ಹಣ್ಣ ಮೆಣಸಿನಕಾಯಿ ಹಸಿ ಮೆಣಸಿನಕಾಯಿ ಮುಟ್ಟಿ ನೋಡಿ ಆರಸ್ತಾರ. ಪಕ್ಕಕ್ಕ ಒಂದು ಕಾಲಮ್ ಇಟ್ಟು ಇಫ್ ಹಚ್ಚಿ "ವಾಯಿದೆ ಮುಗದದ" ಅಂತ ಅಕ್ಷರದಾಗೂ ಬರ್ಸು. ಒಟ್ಟು ಎಷ್ಟ್ ರೊಕ್ಕ ಬರ್ಬೇಕು ಅಂತ ಕೂಡಸ್ಲಾಕೂ ಅದೇ ಕಾಲಮ್ ಹಿಡದು ಸಮ್‌ಇಫ್ ಹಾಕು. ಬಣ್ಣ ನೋಡಿ ಕೂಡ್ಸೋ ಫಾರ್ಮುಲಾ ಎಕ್ಸೆಲ್‌ದಾಗ ಇಲ್ಲ.

ಯಾದಗಿರಿ_ಈಗ_ಬೆಂಗಳೂರು · 5:30
ಮತ್ತ ಸಾಲು ಕಾಪಿ ಮಾಡಿ ನಡುವ ಅಂಟಸೋವಾಗ ಪೇಸ್ಟ್ ಸ್ಪೆಷಲ್ ಒಳಗ ವ್ಯಾಲ್ಯೂಸ್ ಅಂತ ಅಂಟಸ್ರಿ. ಸಾದಾ ಪೇಸ್ಟ್ ಮಾಡಿದ್ರ ರೂಲೂ ಜೊತಿಗಿ ಬಂದು ಒಡದು ಚೂರು ಚೂರು ಆಗ್ತದ. ನಮ್ಮ ಆಫೀಸಿನ ಒಂದು ಫೈಲ್‌ದಾಗ ಒಂದೇ ರೂಲ್ ತುಂಡಾಗಿ ಎಂಬತ್ತರ ಮ್ಯಾಲ ಆಗಿತ್ತು, ತೆಗೀಲಾಕೇ ಒಂದು ಚಾ ಕುಡಿಯೋ ಹೊತ್ತು ಹಿಡೀತಿತ್ತು. (ವಾಡಿ ಅಣ್ಣಾ, ಭಾಷಾ ನೋಡಿದ್ರಿಲ್ಲೋ?)

ವಾಡಿ_ಜಂಕ್ಷನ್ · 5:33
ಈಗ ನೀವು ಜಮಾ.

ಗೊಬ್ಬರದಂಗಡಿ_ಜೇವರ್ಗಿ · ಬುಧವಾರ ರಾತ್ರಿ 8:50
ಎಲ್ಲಾ ಬರೋಬ್ಬರಿ ಆಯ್ತು, 23 ಸಾಲು ಕೆಂಪು. ಕಾಕಾ ಕನ್ನಡಕ ಹಾಕ್ಕೊಂಡು ಒಂದೊಂದೇ ಓದಿದ್ರು. ಹದಿನಾಲ್ಕನೇ ಸಾಲಿಗಿ ಬಂದು ಸುಮ್ಮನಾದ್ರು. ಅದು ನಮ್ಮ ಬೀಗರ್ದು. "ಇದು ಕೆಂಪ ಆಗಬಾರ್ದು. ನಾಳಿ ಬೀಗಿತಿ ಅಂಗಡಿಗಿ ಬಂದು ನೋಡಿದ್ರ ಮನ್ಯಾಗ ಜಗಳ" ಅಂದ್ರು. ಜಮಾ ಅಂತ ಬರೀಲಾ ಅಂದ್ರ "ಸುಳ್ಳ ಲೆಕ್ಕಾ ಬರಿಯೋ ಅಂಗಡಿ ಅಲ್ಲ ಇದು" ಅಂತ ಬೈದ್ರು. ಬಾಕಿ ಅಂತಾನೂ ಇರ್ಬೇಕು, ಕೆಂಪೂ ಆಗಬಾರ್ದು. ದಾರಿ ಅದೇನು?

ಬೀದರ್_ಕೋಟೆ · 9:04
ಅದಕ್ಕೇ ಅಂತ ಎಕ್ಸೆಲ್‌ದಾಗ ಒಂದು ಟಿಕ್ ಗುರ್ತು ಅದ, "ಸ್ಟಾಪ್ ಇಫ್ ಟ್ರೂ". ಎಚ್ ಕಾಲಮ್‌ದಾಗ ಆ ಸಾಲಿಗಿ "ಬೀಗರು" ಅಂತ ಬರೀರಿ. ಅದೇ ಎ2:ಜಿ214ಕ್ಕ ಇನ್ನೊಂದು ರೂಲ್ ಹಾಕ್ರಿ: =$ಎಚ್2="ಬೀಗರು". ಬಣ್ಣ ಏನೂ ಕೊಡಬ್ಯಾಡ್ರಿ. ಮ್ಯಾನೇಜ್ ರೂಲ್ಸ್‌ದಾಗ ಬಾಣ ಒತ್ತಿ ಅದನ್ನ ಕೆಂಪು ರೂಲಿನ ಮ್ಯಾಲ ತಂದು ಸ್ಟಾಪ್ ಇಫ್ ಟ್ರೂ ಟಿಕ್ ಮಾಡ್ರಿ. ಎಕ್ಸೆಲ್ ಮ್ಯಾಲಿಂದ ಓದ್ತದ, ಬೀಗರು ಕಂಡ ಕೂಡ್ಲೇ ನಿಂದರ್ತದ, ಕೆಂಪಿನ ತನ ಹೋಗೋದೇ ಇಲ್ಲ. ಎಚ್ ಕಾಲಮ್ ಹೈಡ್ ಮಾಡಿದ್ರೂ ನಡೀತದ.

ಸುರಪುರ_ಮಾಸ್ತರ · 9:10
ಹೈಡ್ ಮಾಡಲೇಬೇಕು. ಬೀಗಿತಿ ಓದು ಬಂದೋರಿದ್ರ?

ಖಾತೆ_ಕಾಕಾ · 9:15
ಇದು ಖರೇ ಲೆಕ್ಕಾ. ನಾವೂ ಅಂಥವರ ಪುಟದ ಮೂಲಿ ಮಡಚಿ ಇಡ್ತಿದ್ವಿ, ಸಾಹುಕಾರ ವಸೂಲಿಗಿ ಹೋಗೋವಾಗ ಆ ಪುಟ ಜಿಗಿಸ್ತಿದ್ರು. ತಮ್ಮಾ, ಆ ಟಿಕ್ ಗುರ್ತು ಎಲ್ಲದ ಅಂತ ನನಗೂ ಒಂದು ಫೋಟೋ ಹಾಕು. ಹೆಸರು ಮುಚ್ಚಿ.

ಗೊಬ್ಬರದಂಗಡಿ_ಜೇವರ್ಗಿ · ಗುರುವಾರ ಮುಂಜಾನೆ 7:55
ಹಾಕ್ದೆ, ಬೀಗರ ಸಾಲು ಬೆಳ್ಳಗಾಯ್ತು. ಕಾಕಾ ಮುಂಜಾನೆ ಚಾ ಕುಡೀತಾ ಇನ್ನೂ ಮೂರು ಹೆಸರು ಬರದು ಕೊಟ್ಟಾರ. ಎರಡು ನೆಂಟರು. ಮೂರನೇದು ಸೋಮವಾರ ನಾ ಫೋನ್ ಮಾಡಿದ ಅಣ್ಣಾರ್ದು. ಅವರದು ಬಾಕೀನೇ ಇಲ್ಲ ಕಾಕಾ ಅಂದೆ. "ಗೊತ್ತದ. ಆದ್ರೂ ಹಾಕು" ಅಂದ್ರು.